ಗಂಡಭೇರುಂಡ ಬಿಡಿಸಲು ಕ್ರಿಟಾ ಸಾಕೇ?

ಕಾಲ್ಪನಿಕ ಪ್ರಾಣಿಗಳನ್ನು ರೂಪಿಸುವವರಿಗೆ ದುಬಾರಿ ಸಾಫ್ಟ್‌ವೇರ್ ಬೇಕೇಬೇಕು ಅಂತೇನಿಲ್ಲ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗೂ ಸಿಗುತ್ತದೆ, ಐಪ್ಯಾಡ್‌ಗೆ ಮಾತ್ರ ಇಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹಣ ಕೇಳುತ್ತಾರೆ, ಅದು ತಯಾರಕರಿಗೆ ಬೆಂಬಲವಾಗಿ ಹೋಗುತ್ತದೆ.

ಹೊಯ್ಸಳ ಗುಡಿಗಳ ಮಕರವನ್ನೇ ನೋಡಿ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನಂಥ ಬಾಲ. ಇಂಥ ಬೆರಕೆ ಜೀವಿಯನ್ನು ಕಣ್ಣು, ಹುರುಪೆಗಳಿಂದ ಶುರು ಮಾಡಿದರೆ ಕೆಟ್ಟಿತು. 300 ಡಿಪಿಐನ (ಇಂಚಿಗೆ 300 ಚುಕ್ಕೆ) ಎ4 ಹಾಳೆಯಲ್ಲಿ ಗಟ್ಟಿ ಅಂಚಿನ ಒಂದೇ ಬ್ರಷ್‌ನಿಂದ ಆರು ಕಪ್ಪು ನೆರಳುಗಳನ್ನು, ಅಂದರೆ ಒಳವಿವರವಿಲ್ಲದ ಬರೀ ಹೊರ ಆಕಾರಗಳನ್ನು, ಹಾಕಿಕೊಳ್ಳಿ. ಕಂಟ್ರೋಲ್ ಜೊತೆ ಟಿ ಒತ್ತಿ ಲಿಕ್ವಿಫೈ ಆರಿಸಿದರೆ ಭುಜ ಉಬ್ಬಿಸುವುದು, ಸೊಂಟ ಸಣ್ಣ ಮಾಡುವುದು ಜೇಡಿಮಣ್ಣು ತಿದ್ದಿದಷ್ಟು ಸಲೀಸು. ಎಮ್ ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಸೊಟ್ಟಗಾದ ಕತ್ತು ಆಗಲೇ ಸಿಕ್ಕಿಬೀಳುವುದು. ಹೆಬ್ಬೆರಳಿನಷ್ಟಕ್ಕೆ ಕುಗ್ಗಿಸಿದಾಗ ಸೊಂಡಿಲು ಯಾವುದು, ನಾಲಿಗೆ ಯಾವುದು ತಿಳಿಯದಿದ್ದರೆ ಆ ನೆರಳನ್ನು ಬಿಟ್ಟುಬಿಡಿ.

ಗಂಡಭೇರುಂಡಕ್ಕೆ ಎಲ್ಲರೂ ಮೊದಲು ಒತ್ತುವುದು ಮಿರರ್ ಬಟನ್. ಎಡಕ್ಕೆ ಎಳೆದ ಗೆರೆ ಬಲಕ್ಕೂ ಮೂಡುತ್ತದೆ, ಸರಿ. ಆದರೆ ಕೊನೆಯವರೆಗೂ ಹಾಗೇ ಬರೆದರೆ ಸಿಗುವುದು ಲಾಂಛನ, ಪಾತ್ರವಲ್ಲ. ಎದೆ ಮತ್ತು ರೆಕ್ಕೆಯ ಬುಡ ಆಗುತ್ತಲೇ ಮಿರರ್ ಆಫ್ ಮಾಡಿ. ಒಂದು ಕತ್ತನ್ನು ಬೇರೆ ಲೇಯರ್‌ಗೆ (ಪದರಕ್ಕೆ) ತಂದು, ಆಕಾರ ಬದಲಿಸುವ ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿ, ಸುತ್ತ ಬಿಂದುಗಳ ಬೇಲಿ ಹಾಕಿ ಎಳೆಯುವ ಕೇಜ್‌ನಿಂದ ಬಾಗಿಸಿ; ಮೂಲ ಚಿತ್ರ ಹಾಳಾಗುವುದಿಲ್ಲ, ನಾಳೆ ಬೇರೆ ಕಡೆಗೂ ತಿರುಗಿಸಬಹುದು. ಎರಡೂ ಕತ್ತು ಒಂದೇ ಬಿಂದುವಿನಿಂದ ಹೊರಟರೆ ಹಕ್ಕಿ ಕವಲೊಡೆದ ಕೊಂಬೆಯಂತೆ ಕಾಣುತ್ತದೆ. ಎದೆ ಅಗಲವಿರಲಿ, ಕತ್ತುಗಳ ಬುಡದ ನಡುವೆ ಜಾಗವಿರಲಿ.

ಇನ್ನು ಕಿರಿಕಿರಿ. ಫೋಟೋಶಾಪ್‌ನಿಂದ ಬಂದವರು ಕೆಳಗಿನ ಲೇಯರ್‌ನ ಆಕಾರದೊಳಗೇ ಬಣ್ಣ ನಿಲ್ಲಿಸುವ ಕ್ಲಿಪ್ಪಿಂಗ್ ಮಾಸ್ಕ್ ಎಂದುಕೊಂಡು ಲೇಯರ್ ಪಕ್ಕದ ಆಲ್ಫಾ ಚಿಹ್ನೆ ಒತ್ತುತ್ತಾರೆ. ಹುರುಪೆಗಳ ಬಣ್ಣ ಮೈಯ ಗೆರೆ ದಾಟಿ ಹಾಳೆಗೆಲ್ಲ ಹರಡುತ್ತದೆ. ಆ ಚಿಹ್ನೆ, ಅಂದರೆ ಇನ್‌ಹೆರಿಟ್ ಆಲ್ಫಾ, ಲೆಕ್ಕಕ್ಕೆ ಹಿಡಿಯುವುದು ಕೆಳಗಿನ ಒಂದು ಲೇಯರನ್ನಲ್ಲ, ಆ ಗುಂಪಿನಲ್ಲಿ ಕೆಳಗಿರುವ ಎಲ್ಲವನ್ನೂ. ಬಿಳಿ ಹಿನ್ನೆಲೆಯೂ ಅದರಲ್ಲಿ ಸೇರಿದರೆ ಏನೂ ಕತ್ತರಿಸುವುದಿಲ್ಲ. ಮೈಯ ಲೇಯರನ್ನು ಆರಿಸಿಕೊಂಡು ಕಂಟ್ರೋಲ್, ಶಿಫ್ಟ್, ಜಿ ಒಟ್ಟಿಗೆ ಒತ್ತಿ: ಗುಂಪು ತಾನೇ ಆಗುತ್ತದೆ.

ಮೆಮೊರಿಯ ಹಸಿವೂ ದೊಡ್ಡದು. ಎ4, 300 ಡಿಪಿಐ ಎಂದರೆ 2480×3508 ಪಿಕ್ಸೆಲ್. 8 ಬಿಟ್ ಬಣ್ಣದಲ್ಲಿ (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆ ಹೆಚ್ಚು) ಪೂರ್ತಿ ತುಂಬಿದ ಲೇಯರ್ ಒಂದಕ್ಕೆ ಸುಮಾರು 35 ಎಂಬಿ. ಎ3ಗೆ ಹೋಗಿ 16 ಬಿಟ್ ಮಾಡಿದರೆ ಅದು 140 ಎಂಬಿ, 30 ಲೇಯರ್‌ಗೆ 4.2 ಜಿಬಿ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಅಷ್ಟರೊಳಗೆ ಬ್ರಷ್ ತೆವಳತೊಡಗಿರುತ್ತದೆ. ನೆರಳಿನ ಹಂತಕ್ಕೆ 8 ಬಿಟ್ ಧಾರಾಳ.

ವಿಂಡೋಸ್‌ನಲ್ಲಿ ಪೆನ್ ಎಷ್ಟು ಒತ್ತಿದರೂ ಗೆರೆ ದಪ್ಪವಾಗದಿದ್ದರೆ ಟ್ಯಾಬ್ಲೆಟ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಪೆನ್ನಿನ ಒತ್ತಡವನ್ನು ಕ್ರಿಟಾಗೆ ತಿಳಿಸುವ ದಾರಿ ಎರಡು, ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್: ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ವಿಂಡೋಸ್ ಇಂಕ್ ಇದ್ದರೆ ವಿನ್‌ಟ್ಯಾಬ್‌ಗೆ ಬದಲಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆದು ನೋಡಿ.