ಅಜ್ಜಿಯ ಕಿವಿಗೆ ಹಿಯರಿಂಗ್ ಏಡಾ, ಕಾಕ್ಲಿಯರ್ ಇಂಪ್ಲಾಂಟಾ?

ಉಡುಪಿಯ ನಮ್ಮ ಅಜ್ಜಿಗೆ ಯಕ್ಷಗಾನದ ಚೆಂಡೆ ಕೇಳಿಸುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಹಿಯರಿಂಗ್ ಏಡ್ ಶಬ್ದವನ್ನು ದೊಡ್ಡದು ಮಾಡುತ್ತದೆ. ಒಳಕಿವಿಯ ಕೂದಲು ಕೋಶಗಳು (ಶಬ್ದವನ್ನು ನರಕ್ಕೆ ಸಂಕೇತವಾಗಿ ಮುಟ್ಟಿಸುವ ಕೋಶಗಳು) ಸಾಕಷ್ಟು ಉಳಿದಿದ್ದರೆ ಅದೇ ಸಾಕು, ಆಪರೇಷನ್ ಬೇಡ. ಇಂಪ್ಲಾಂಟ್ ಹಾಗಲ್ಲ. ಅದು ಹಾಳಾದ ಕೋಶಗಳನ್ನು ದಾಟಿ, ಒಳಗಿಟ್ಟ ಎಲೆಕ್ಟ್ರೋಡ್‌ಗಳಿಂದ ನೇರವಾಗಿ ಕಿವಿಯ ನರಕ್ಕೇ ವಿದ್ಯುತ್ ಸಂಕೇತ ಕೊಡುತ್ತದೆ, ಆಮೇಲೆ ಮಿದುಳು ಆ ಹೊಸ ಶಬ್ದಕ್ಕೆ ಒಗ್ಗಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಒಳ್ಳೆಯ ಏಡ್ ಹಾಕಿಯೂ ಮಾತು ತಿಳಿಯದಿದ್ದರೆ ಇದನ್ನು ಯೋಚಿಸಿ.

ಸುಮ್ನೆ ಮುಂದೂಡಬೇಡಿ. 2023ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಮೆರಿಕದ ಅಚೀವ್ ಅಧ್ಯಯನದಲ್ಲಿ 977 ಹಿರಿಯರಿದ್ದರು. ಏಡ್ ಪಡೆದವರಿಗೂ ಪಡೆಯದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಆದರೆ ಮರೆವಿನ ಅಪಾಯ ಜಾಸ್ತಿ ಇದ್ದವರಲ್ಲಿ ಏಡ್ ಮತ್ತು ಸಲಹೆಯಿಂದ 3 ವರ್ಷಗಳಲ್ಲಿ ನೆನಪು, ಯೋಚನಾಶಕ್ತಿಯ ಕುಸಿತ 48% ನಿಧಾನವಾಯಿತು. ಅಜ್ಜಿಗೆ ನಾನು ಏಡ್ ಆರಿಸಿದೆ.