ಕರ್ನಲ್ ಮೆಮೊರಿ ತಪ್ಪಿಗೆ ಕೇಸಾನ್ ಬೇಕಾ, ಕೆಫೆನ್ಸ್ ಸಾಕಾ?

ತೀರ್ಥಹಳ್ಳಿಯ ಜಡಿಮಳೆಯಲ್ಲಿ ಕೂತು ಬರೆದ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಮ್) ವಾರಕ್ಕೊಮ್ಮೆ ಲಿನಕ್ಸ್‌ನ ತಿರುಳಾದ ಕರ್ನಲ್ ಬೀಳಿಸುತ್ತಿತ್ತು. ಬೀಳುವ ಜಾಗ ಒಂದು, ಮೆಮೊರಿ ಕೆಡುವ ಜಾಗ ಇನ್ನೊಂದು.

ಮೇಜಿನ ಮೇಲೆ ಪರೀಕ್ಷಿಸುವುದಾದರೆ ಕೇಸಾನ್ (KASAN, ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿ. ಪ್ರತಿ 8 ಬೈಟಿಗೆ 1 ಬೈಟ್ ಲೆಕ್ಕ ಇಟ್ಟು, ಓದು-ಬರಹವನ್ನೆಲ್ಲ ತಪಾಸಣೆ ಮಾಡುತ್ತದೆ. ಫ್ರೀ ಆದ, ಅಂದರೆ ಬಿಟ್ಟುಕೊಟ್ಟ ಮೆಮೊರಿ ಮುಟ್ಟಿದರೆ ಯಾರು ಪಡೆದರು, ಯಾರು ಬಿಟ್ಟರು, ಈಗ ಯಾರು ಮುಟ್ಟಿದರು, ಮೂರನ್ನೂ ಲಾಗ್‌ನಲ್ಲಿ ತೋರಿಸುತ್ತದೆ. ನಾನು ಟೈಮರ್ ನಿಲ್ಲಿಸದೆ ಕೆಫ್ರೀ ಮಾಡಿ ಅದರ ಮೆಮೊರಿ ಬಿಟ್ಟಿದ್ದೆ! ಸಿಕ್ಕಿಬಿದ್ದದ್ದು ಹೀಗೆ. ಆದರೆ ಡ್ರೈವರ್ ಓಡುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆಮೆಯಾಗುತ್ತದೆ.

ತೋಟದ ಪಂಪ್‌ಶೆಡ್ಡಿನಲ್ಲಿ ಹಗಲೂ ರಾತ್ರಿ ಓಡುವ ಬೋರ್ಡಿಗೆ ಅಷ್ಟು ಭಾರ ಯಾಕೆ, ಅಲ್ವಾ? ಅಲ್ಲಿಗೆ 2021ರಲ್ಲಿ ಲಿನಕ್ಸ್ 5.12 ಆವೃತ್ತಿಯ ಜೊತೆ ಬಂದ ಹಗುರ ಸಾಧನ, ಕೆಫೆನ್ಸ್ (KFENCE). ಅಡಿಕೆ ಮೂಟೆಯಿಂದ ಒಂದು ಹಿಡಿ ತೆಗೆದು ನೋಡುವ ಹಾಗೆ, ಸುಮಾರು 100 ಮಿಲಿಸೆಕೆಂಡಿಗೊಂದು ಅಲೊಕೇಶನ್ (ಪಡೆದ ಮೆಮೊರಿ ತುಂಡು) ಮಾತ್ರ ಆರಿಸಿ ಬೇಲಿಯೊಳಗೆ ಇಡುತ್ತದೆ. ಸುಮಾರು 2 ಎಂಬಿ ಮೆಮೊರಿ ಸಾಕು. ಸ್ಟ್ಯಾಕ್ (ಫಂಕ್ಷನ್ ಓಡುವಾಗಿನ ತಾತ್ಕಾಲಿಕ ಮೆಮೊರಿ) ತಪ್ಪು ಮಾತ್ರ ಇದಕ್ಕೆ ಕಾಣಿಸುವುದಿಲ್ಲ.