ಹಳೇ ದೋಣಿಯ ತಳಕ್ಕೆ ಎಪಾಕ್ಸಿಯೋ, ಪಾಲಿಯೆಸ್ಟರೋ, ಹತ್ತಿ-ರಾಳವೋ

ಹಳೇ ಮರದ ದೋಣಿ ಸೋರದಂತೆ ಲೇಪ ಹಾಕಬೇಕೆಂದರೆ ಎಪಾಕ್ಸಿಗೇ ಹೋಗಿ, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡನ್ನು ಬೆರೆಸಿದರೆ ಗಟ್ಟಿಯಾಗುವ ಅಂಟಿಗೆ. ಘಟ್ಟದ ಕೆಳಗಿನಿಂದ ತಂದ 14 ಅಡಿಯ ಹೆಬ್ಬಲಸಿನ ಮೀನು ದೋಣಿಯೊಂದಕ್ಕೆ ಮೂರನ್ನೂ ಹಾಕಿ, ಎರಡನ್ನು ಕೆರೆದು ತೆಗೆದ ಮೇಲೆ ಹೇಳುವ ಮಾತಿದು. ಆದರೆ ಕೊಡಗಿನ ಮಂಜಿನಲ್ಲಿ ಎಪಾಕ್ಸಿಗೆ ಒಂದು ತಕರಾರಿದೆ. ಅದನ್ನು ಪಳಗಿಸುವ ಬಗೆ ತಿಳಿಯದಿದ್ದರೆ ದುಡ್ಡೂ ಹೋಗುತ್ತದೆ, ಬೇಸಿಗೆಯೂ ಹೋಗುತ್ತದೆ.

ಹತ್ತಿ ಹೊಸೆದು ಹಲಗೆಗಳ ಸಂದಿಗೆ ಬಡಿದು, ಮೇಲೆ ರಾಳ-ಎಣ್ಣೆ ಕಾಯಿಸಿ ಬಳಿಯುವುದು ಕರಾವಳಿಯ ಹಳೆಯ ಕ್ರಮ. ಖರ್ಚು ಕಡಿಮೆ, ತಪ್ಪಾದರೆ ತಿದ್ದುವುದೂ ಸುಲಭ. ಇದರ ಗುಟ್ಟು ಇರುವುದು ನೀರಿನಲ್ಲಿ: ಹಲಗೆ ನೆನೆದು ಉಬ್ಬಿ ಹತ್ತಿಯನ್ನು ಅಮುಕಿದರೆ ಮಾತ್ರ ಸಂದಿ ಮುಚ್ಚುತ್ತದೆ. ವರ್ಷವಿಡೀ ನೀರಿನಲ್ಲೇ ಇರುವ ದೋಣಿಗೆ ಇದಕ್ಕಿಂತ ಒಳ್ಳೆಯದು ಬೇಡ. ನಮ್ಮಲ್ಲಿ ದೋಣಿ ಇರುವುದು ತೋಟದ ಶೆಡ್ಡಿನಲ್ಲಿ. ಕೆರೆಯಲ್ಲೇ ಬಿಟ್ಟರೂ ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗ ನೀರು ಇಳಿದು ದೋಣಿ ಕೆಸರಿನ ಮೇಲೆ ಬಿಸಿಲಿಗೆ ಕೂರುತ್ತದೆ. ಹಲಗೆ ಕುಗ್ಗಿ, ನಾಣ್ಯ ತೂರುವಷ್ಟು ಸಂದಿ ಬಿಟ್ಟು, ಹತ್ತಿ ಕೈಗೇ ಎದ್ದು ಬರುತ್ತದೆ.

ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ ಮತ್ತು ಅದರಲ್ಲಿ ನೆನೆಸಿ ಹಾಸುವ, ಗಾಜಿನೆಳೆಯ ಚಾಪೆಯಂಥ ಫೈಬರ್ ಮ್ಯಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೂರ್ತಿ ಫೈಬರ್ ದೋಣಿಗೆ ಅದು ಸರಿ. ಮರದ ಮೇಲೆ ಅದು ಅಂಟುವುದಿಲ್ಲ, ಬರೀ ಕೂತಿರುತ್ತದೆ. ಗಟ್ಟಿಯಾಗುವಾಗ ತಾನೇ ಕುಗ್ಗುತ್ತದೆ, ಆಮೇಲೆ ಕೆಳಗಿನ ಮರ ಮಳೆಗಾಲದಲ್ಲಿ ಉಬ್ಬುತ್ತದೆ. ಎರಡು ಮಳೆಗಾಲ ಕಳೆದು ನಾಣ್ಯದಿಂದ ತಟ್ಟಿದರೆ ಅಂಚಿನುದ್ದಕ್ಕೂ ಟೊಳ್ಳು ಸದ್ದು. ಉಳಿ ತೂರಿಸಿದರೆ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ, ಒಳಗೆ ಒದ್ದೆ. ಬಳಸಲೇಬೇಕೆಂದರೆ ಒಂದು ಎಚ್ಚರಿಕೆ: ರೆಸಿನ್ನನ್ನು ಗಟ್ಟಿಮಾಡುವ ಕ್ಯಾಟಲಿಸ್ಟ್, ಅದನ್ನು ಚುರುಕುಗೊಳಿಸುವ ಕೋಬಾಲ್ಟ್ ಎರಡನ್ನೂ ನೇರವಾಗಿ ಎಂದೂ ಬೆರೆಸಬೇಡಿ, ಸಿಡಿಯುತ್ತದೆ. ಮೊದಲು ಕೋಬಾಲ್ಟ್ ಅನ್ನು ರೆಸಿನ್ನಿನಲ್ಲಿ ಕಲಸಿ, ಕ್ಯಾಟಲಿಸ್ಟ್ ಆಮೇಲೆ. ಕಣ್ಣಿಗೆ ಕನ್ನಡಕ ಇರಲಿ.

ಬೆಲೆಯ ವಿಷಯದಲ್ಲಿ ಕಿಲೋ ಲೆಕ್ಕ ನೋಡಿ ಮೋಸಹೋಗಬೇಡಿ. ನಾನು ಕೊಂಡಾಗ ಎಪಾಕ್ಸಿಗೆ ಪಾಲಿಯೆಸ್ಟರಿನ ಮೂರೂವರೆ ಪಟ್ಟು ಬೆಲೆ ಇತ್ತು, ನಿಜ. ಆದರೆ ಈ ದೋಣಿಯ ಹೊರಮೈ ಸುಮಾರು 7 ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಎರಡು ಪದರಕ್ಕೆ 14–15 ಕಿಲೋ ಪಾಲಿಯೆಸ್ಟರ್ ಕುಡಿಯುತ್ತದೆ. 200 ಗ್ರಾಂನ ನೇಯ್ದ ಗಾಜಿನೆಳೆಯ ಬಟ್ಟೆ ಎರಡು ಪದರ, ಮರಕ್ಕೆ ಮೊದಲ ಕೋಟು, ಮೇಲೆ ಎರಡು ಕೋಟು, ಸಂದಿ ತುಂಬುವುದು ಎಲ್ಲ ಸೇರಿ ಎಪಾಕ್ಸಿಗೆ 8 ಕಿಲೋ ಸಾಕು. ಒಟ್ಟು ಖರ್ಚು ಎರಡು ಪಟ್ಟಿಗೆ ಬಂದು ನಿಲ್ಲುತ್ತದೆ. ಮ್ಯಾಟ್ ಉಳಿದಿದೆಯೆಂದು ಎಪಾಕ್ಸಿಯ ಜೊತೆ ಹಾಕಬೇಡಿ. ಅದರ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗದೆ ಮ್ಯಾಟ್ ಸೆಟೆದು ನಿಲ್ಲುತ್ತದೆ.

ಇನ್ನು ಆ ತಕರಾರು. ಹಚ್ಚಿದ ಮರುದಿನ ಬೆಳಿಗ್ಗೆ ಎಪಾಕ್ಸಿಯ ಮೇಲೆ ಮೇಣ ಸವರಿದಂತೆ ಜಿಗುಟು ಪೊರೆ. ಹಾರ್ಡನರಿನಲ್ಲಿರುವ ಅಮೈನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಆಗುವ ಪೊರೆ ಅದು. ಚಳಿ ಮತ್ತು ತೇವ ಒಟ್ಟಿಗೆ ಇದ್ದಲ್ಲಿ ಹೆಚ್ಚು. ಅದರ ಮೇಲೆ ಮುಂದಿನ ಕೋಟು ಹಚ್ಚಿದರೆ ಕಚ್ಚುವುದಿಲ್ಲ, ಎನಾಮಲ್ ಬಳಿದರೆ ದಿನಗಟ್ಟಲೆ ಒಣಗುವುದಿಲ್ಲ. ಉಜ್ಜುಕಾಗದ ಹಿಡಿದರೆ ಕಾಗದ ಕಟ್ಟಿಕೊಳ್ಳುತ್ತದೆ, ಪೊರೆ ಇನ್ನಷ್ಟು ಒಳಗೆ ಉಜ್ಜಿಹೋಗುತ್ತದೆ. ಥಿನ್ನರ್ ಹಾಕಿ ಒರೆಸಿದರೆ ಹರಡುತ್ತದೆ, ಹೋಗುವುದಿಲ್ಲ. ಅದು ಕರಗುವುದು ಬರೀ ನೀರಿಗೆ. ಮೊದಲು ನೀರು, ಪಾತ್ರೆ ತಿಕ್ಕುವ ನಾರು, ಒಣ ಬಟ್ಟೆ. ಪೂರ್ತಿ ಒಣಗಿದ ಮೇಲೆ 80 ನಂಬರಿನ ಕಾಗದ.

ತಡೆಯುವುದು ಇನ್ನೂ ಕಷ್ಟ, ಯಾಕೆಂದರೆ ಎರಡು ನಿಯಮ ಒಂದಕ್ಕೊಂದು ಎದುರು ನಿಲ್ಲುತ್ತವೆ. ಬೆಳಿಗ್ಗೆ ಮರ ಬಿಸಿಯೇರುತ್ತಿರುವಾಗ ಹಚ್ಚಿದರೆ ಮರದೊಳಗಿನ ಗಾಳಿ ಹಿಗ್ಗಿ ಹೊರಬಂದು ಕೋಟಿನ ತುಂಬ ಸೂಜಿತೂತು. ಹಾಗಾಗಿ ಮರ ತಣಿಯುವ ಸಂಜೆಯ ಹೊತ್ತಿಗೆ ಹಚ್ಚಿ ಎನ್ನುವುದು ಸಾಮಾನ್ಯ ಸಲಹೆ. ಬಯಲುಸೀಮೆಗೆ ಅದು ಸರಿ. ಮಡಿಕೇರಿ ಕಡೆ ಸಂಜೆ ಐದಕ್ಕೆಲ್ಲ ಮಂಜು ಇಳಿದರೆ ಹಸಿ ಎಪಾಕ್ಸಿಯ ಮೇಲೆಯೇ ಬಂದು ಕೂರುತ್ತದೆ.

ಇದಕ್ಕೆ ಕೆಲಸಕ್ಕೆ ಬಂದ ದಾರಿ: ಬೆಳಿಗ್ಗೆ ಒಂಬತ್ತಕ್ಕೆ ದೋಣಿಯನ್ನು ಕವುಚಿ ಕಾಫಿ ಕಣದ ಬಿಸಿಲಿಗೆ ಇಡಿ. ಹನ್ನೊಂದೂವರೆಗೆ ಮರ ಚೆನ್ನಾಗಿ ಕಾದಾಗ ನೆರಳಿಗೆ ಎಳೆದು ತಕ್ಷಣ ಶುರು ಮಾಡಿ. ಮರ ತಣಿಯಲು ತೊಡಗುತ್ತದೆ, ಮಂಜಿಗೆ ಇನ್ನೂ ಐದು ಗಂಟೆ ಉಳಿದಿರುತ್ತದೆ. ಮಧ್ಯಾಹ್ನ ಒಂದು ಗಂಟೆಯ ನಂತರ ಹೊಸ ಕೋಟು ಬೇಡ. ಮೂರು ಗಂಟೆಗೆ ಟಾರ್ಪಾಲ್ ಕಟ್ಟಿ ಒಳಗೆ 200 ವ್ಯಾಟಿನ ಹಳೇ ಮಾದರಿ ಬಲ್ಬ್ ಎರಡು ಉರಿಸಿ, ಟಾರ್ಪಾಲಿಗೆ ತಾಗದಂತೆ. ಕೆಂಡದ ಅಗ್ಗಿಷ್ಟಿಕೆ, ಸೀಮೆಎಣ್ಣೆ ಸ್ಟೌ ಮಾತ್ರ ಇಡಬೇಡಿ. ಅದು ಬಿಡುವ ಗಾಳಿಯೇ ಆ ಪೊರೆಗೆ ಆಹಾರ. ಕೊನೆಯ ಪದರದ ಮೇಲೆ ಪೀಲ್ ಪ್ಲೈ ಎಂಬ, ಎಪಾಕ್ಸಿ ಗಟ್ಟಿಯಾದ ಮೇಲೂ ಕಿತ್ತು ಬರುವ ಬಟ್ಟೆ ಹಾಸಿ ಮರುದಿನ ಕಿತ್ತರೆ ಪೊರೆಯೂ ಅದರ ಜೊತೆ ಬರುತ್ತದೆ, ಉಜ್ಜುವ ಕೆಲಸ ಅರ್ಧಕ್ಕಿಳಿಯುತ್ತದೆ.

ಅಳತೆ ತೂಕದಲ್ಲೇ ಇರಲಿ. ನಮ್ಮಲ್ಲಿ ಸುಲಭವಾಗಿ ಸಿಗುವುದು 100 ಗ್ರಾಂ ರೆಸಿನ್ನಿಗೆ 10 ಗ್ರಾಂ ಹಾರ್ಡನರಿನ ಜೋಡಿ. ಪಾಲಿಯೆಸ್ಟರಿನಲ್ಲಿ ಕ್ಯಾಟಲಿಸ್ಟನ್ನು ಒಂದರಿಂದ ಎರಡು ಶೇಕಡಾಕ್ಕೆ ಏರಿಸಿ ಬೇಗ ಗಟ್ಟಿಮಾಡುವ ಅಭ್ಯಾಸವಿದ್ದವರು ಇಲ್ಲೂ ಕೈ ಧಾರಾಳ ಮಾಡುತ್ತಾರೆ. ಹೆಚ್ಚಿನ ಹಾರ್ಡನರ್ ಹಾಗೇ ಉಳಿದು ಮೈ ಎಂದೆಂದೂ ಮೆತ್ತಗಿರುತ್ತದೆ. ಒಂದು ಸಲಕ್ಕೆ 200 ಗ್ರಾಂ, ಅಗಲದ ತಟ್ಟೆಯಲ್ಲಿ. ಆಳದ ಡಬ್ಬದಲ್ಲಿ ಕಲಸಿಟ್ಟರೆ ಕಾದು ಹೊಗೆಯಾಡುತ್ತದೆ.

ಕರಾವಳಿಯ ದೋಣಿಯಾದರೆ ಮರ ವರ್ಷಗಟ್ಟಲೆ ಮೀನೆಣ್ಣೆ, ಗೇರುಸಿಪ್ಪೆ ಎಣ್ಣೆ ಕುಡಿದಿರುತ್ತದೆ. ಎಣ್ಣೆಯ ಮೇಲೆ ಎಪಾಕ್ಸಿ ಹಿಡಿಯದು. ಒಂದೆರಡು ಮಿಲಿಮೀಟರ್ ಕೀಸುಳಿ ಹಾಕಿ, ಅಸಿಟೋನಿನಲ್ಲಿ ಮೂರು ಸಲ, ಪ್ರತಿ ಸಲ ಹೊಸ ಬಟ್ಟೆಯಿಂದ ಒರೆಸಿ. ಮರ ಒಣಗಿದೆಯೇ ಎಂದೂ ನೋಡಬೇಕು, ಅದಕ್ಕೆ ಕಾಫಿಯ ತೇವಾಂಶ ಮೀಟರ್ ನಡೆಯುವುದಿಲ್ಲ. ಹಲಗೆಯ ಚೂರೊಂದನ್ನು ತೂಗಿ, ಓವನ್ನಿನಲ್ಲಿ 100 ಡಿಗ್ರಿಗೆ ಸ್ವಲ್ಪ ಮೇಲಿಟ್ಟು ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 57 ಗ್ರಾಂ 50 ಆದರೆ, ಒಣ ತೂಕದ ಲೆಕ್ಕದಲ್ಲಿ ತೇವ ಶೇ 14. ಹದಿನೈದು ದಾಟಿದ್ದರೆ ಕಾಯಿರಿ.

ಅಗಲ ಹಲಗೆಯ ದೊಡ್ಡ ದೋಣಿಯಾದರೆ ಮರದ ಆಟಕ್ಕೆ ಈ ಲೇಪವೂ ಸಂದಿಯುದ್ದಕ್ಕೆ ಸೀಳಬಹುದು. 16 ಅಡಿಯೊಳಗಿನ, ಕಿರುಹಲಗೆಯ ದೋಣಿಗೆ ಸೈ. ಒಳಮೈಗೂ ಎರಡು ಕೋಟು ಬೇಕು, ಇಲ್ಲದಿದ್ದರೆ ಒಳಗೆ ನಿಂತ ಮಳೆನೀರು ಮರ ಕುಡಿದು ಲೇಪದ ಹಿಂದೆಯೇ ಕೊಳೆಯುತ್ತದೆ. ಹೊರಗೆ ಪಿಯು (ಪಾಲಿಯುರೆಥೇನ್) ಪೇಂಟ್ ಕಡ್ಡಾಯ, ಬಿಸಿಲಿಗೆ ಎಪಾಕ್ಸಿ ಸುಣ್ಣದಂತೆ ಉದುರುತ್ತದೆ.

ನನ್ನ ದೋಣಿ ನೀರಿಗಿಳಿಯುವುದು ವರ್ಷಕ್ಕೆ ಇಪ್ಪತ್ತು ದಿನ. ಕೆಲಸಕ್ಕೆ ಸಿಗುವುದು ರೋಬಸ್ಟಾ ಕೊಯ್ಲು ಮುಗಿದು ಹೂಮಳೆ ಬೀಳುವವರೆಗಿನ ನಾಲ್ಕೈದು ಭಾನುವಾರ. ಅಷ್ಟರಲ್ಲಿ ಪ್ರತಿ ವರ್ಷ ಹತ್ತಿ ಬಡಿಯಲು ಆಗದು, ಹಾಗಾಗಿ ಎರಡು ಪಟ್ಟು ಖರ್ಚನ್ನು ಒಪ್ಪಿಕೊಂಡೆ. ಅಷ್ಟು ದುಡ್ಡು ಒಮ್ಮೆಗೇ ಕೂಡದಿದ್ದರೆ ಈ ವರ್ಷ ಸಂದಿಗಳಿಗೆ ಮತ್ತು ತಳಕ್ಕೆ ಮಾತ್ರ 3 ಕಿಲೋ ತನ್ನಿ. ಪಕ್ಕದ ಹಲಗೆಗಳು ಮುಂದಿನ ಬೇಸಿಗೆಗೆ ಕಾಯಲಿ, ಶೆಡ್ಡಿನಲ್ಲಿ ಕವುಚಿಯೇ ಇರಲಿ.